ಗಡಿಯಲ್ಲಿ ಮಣ್ಣಿನ ರಾಶಿ, ನಮ್ಮ ಜಗಲಿಯಲ್ಲಿ ಗೆರಟೆ

ಪೆರ್ಲದ ನಿವೃತ್ತ ಅಧ್ಯಾಪಕ

2020ರ ಮಾರ್ಚ್ ತಿಂಗಳ ಕೊನೆಯ ವಾರ. ನೆರೆಮನೆಯವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನಾನು ಸಾರಡ್ಕದ ಗಡಿಗೆ ಹೋದೆ. ಅವರಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗಬೇಕಿತ್ತು. ಕಾಸರಗೋಡಿನ ಉತ್ತರ ಭಾಗದ ನಮಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. ಕೊರೊನಾದ ಭಯದಿಂದ ಕರ್ನಾಟಕ ಗಡಿ ಮುಚ್ಚಿತ್ತು. ಒಳರಸ್ತೆಗಳಿಗೆ ಮಣ್ಣು ತಂದು ಸುರಿದಿದ್ದರು. ಅಲ್ಲಿ ನಿಂತಿದ್ದ ಯುವಕನೊಬ್ಬನೊಡನೆ ನಾನು ಕನ್ನಡದಲ್ಲಿ ಮಾತನಾಡಿದೆ. ಅವನೂ ಕನ್ನಡದಲ್ಲಿಯೇ ಹೇಳಿದ: "ನೀವು ಕಾಸರಗೋಡಿನವರು. ನಿಮ್ಮನ್ನು ಬಿಟ್ಟರೆ ನಮ್ಮ ಊರು ಉಳಿಯುವುದಿಲ್ಲ."

ಹಿಂದಿರುಗಿ, ತೆಂಕು ದಿಕ್ಕಿಗೆ ಕಾಞಂಗಾಡಿನವರೆಗೆ ಹೋಗಿ ಒಂದು ಕಡೆ ವ್ಯವಸ್ಥೆ ಮಾಡಿದೆವು. ಅವರು ಉಳಿದರು. ಎಲ್ಲರೂ ಉಳಿಯಲಿಲ್ಲ. ಕೇರಳ ಹೈಕೋರ್ಟು ಆದೇಶ ನೀಡಿ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳಿಗೆ ದಾರಿ ಬಿಡಲು ಎರಡು ರಾಜ್ಯಗಳು ಒಪ್ಪುವ ಹೊತ್ತಿಗೆ ನಮ್ಮ ಜಿಲ್ಲೆಯ ಹಲವರು ಚಿಕಿತ್ಸೆ ಸಿಗದೆ ತೀರಿಕೊಂಡಿದ್ದರು.

ಆ ರಾತ್ರಿ ಜಗಲಿಯಲ್ಲಿ ಕುಳಿತಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ಹುಟ್ಟಿದ್ದು 1956ರಲ್ಲಿ, ನಮ್ಮ ತಾಲೂಕು ಕೇರಳಕ್ಕೆ ಸೇರಿದ ವರ್ಷ. ಆಯುಷ್ಯವಿಡೀ ನಾವು ಇತ್ತ ಕಚೇರಿಗಳಲ್ಲಿ 'ಕರ್ನಾಟಕದ ಕಡೆಯವರು' ಎನಿಸಿಕೊಂಡೆವು. ಅಂದು ಅತ್ತ ಕನ್ನಡಿಗನ ಬಾಯಲ್ಲಿಯೇ 'ಕಾಸರಗೋಡಿನವರು' ಆದೆವು. ಆದರೆ ಸಿಟ್ಟು ಇಳಿಯುತ್ತಿದ್ದಂತೆ ಕಣ್ಣು ಮನೆಯ ಮಾಡಿನ ಅಂಚಿನ ಕಡೆ ಹೋಯಿತು. ನಾನು ಚಿಕ್ಕವನಿದ್ದಾಗ ಅಲ್ಲಿ ಒಂದು ಗೆರಟೆ, ಅಂದರೆ ತೆಂಗಿನಕಾಯಿಯ ಚಿಪ್ಪು, ಸಿಕ್ಕಿಸಿ ಇಟ್ಟಿರುತ್ತಿತ್ತು. ಗದ್ದೆ ಕೆಲಸಕ್ಕೆ ಬರುವವರು ಅದನ್ನು ತೆಗೆದು ಅಂಗಳದಲ್ಲಿ ಕುಳಿತುಕೊಳ್ಳಬೇಕು, ನಾವು ಮೇಲಿನಿಂದ ನೀರು ಹೊಯ್ಯಬೇಕು. ನನಗೆ ಏಳು ವರ್ಷವಾದಾಗ ಅಜ್ಜಿ ಆ ಕೆಲಸವನ್ನು ನನಗೆ ಕೊಟ್ಟರು. ಕೊಡುವಾಗ ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಆಡಲಿಲ್ಲ. "ತಾಗದ ಹಾಗೆ ಹೊಯ್ಯಿ" ಎಂದರು, ಅಷ್ಟೇ.

ನನ್ನ ಪ್ರಶ್ನೆ ಅಲ್ಲಿಂದ ಹುಟ್ಟಿದ್ದು. ಅಜ್ಜಿಗೆ ದ್ವೇಷವಿರಲಿಲ್ಲ, ಇದನ್ನು ನಾನು ಆಣೆ ಇಟ್ಟು ಹೇಳಬಲ್ಲೆ. ಹಸಿದವರಿಗೆ ಬಡಿಸದೆ ಅವರು ಉಂಡವರಲ್ಲ. ಹಾಗಿದ್ದರೆ ಪೂರ್ವಗ್ರಹದ ಬೇರು ಎಲ್ಲಿದೆ? ನಿಮ್ಮ ನಿಮ್ಮ ಮನೆಯ ಅನುಭವದಿಂದ ಬರೆಯಿರಿ.

ಮುಳ್ಳೇರಿಯದ ದಾದಿ

ಮಾಸ್ಟ್ರೇ, ಆಗ ನಾನು ಮಂಗಳೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ರಾತ್ರಿ ಪಾಳಿ ಮುಗಿಸಿ ಬಂದರೆ ಮನೆಯೊಡತಿ ಗೇಟಿನ ಬಳಿ ನನ್ನ ಬಟ್ಟೆಯ ಚೀಲ ಇಟ್ಟಿದ್ದರು. ಎರಡು ವರ್ಷ ನನ್ನನ್ನು ಮಗಳೇ ಎಂದು ಕರೆದವರು.

ಆದರೂ ಒಂದು ಮಾತು ಹೇಳಬೇಕು. ರೋಗ ಹೊಸದು, ಭಯ ನಿಜವಾದದ್ದು. ಜಾಗ್ರತೆಯನ್ನೆಲ್ಲ ಪೂರ್ವಗ್ರಹ ಎಂದು ಕರೆದರೆ ನಾವು ಆಸ್ಪತ್ರೆಯಲ್ಲಿ ಮಾಡುವ ಕೆಲಸವೂ ಪೂರ್ವಗ್ರಹವೇ ಆಗುತ್ತದೆ. ನನಗೆ ತಿಳಿದ ವ್ಯತ್ಯಾಸ ಇಷ್ಟು: ಸಂಗತಿ ಬದಲಾದಾಗ ಜಾಗ್ರತೆ ಬದಲಾಗುತ್ತದೆ. 2020ರ ಮೇ ತಿಂಗಳಲ್ಲಿ, ಆವರೆಗೆ ನಮ್ಮ ಜಿಲ್ಲೆಯಲ್ಲಿ ಸೋಂಕು ತಗುಲಿದ್ದವರು ಗುಣವಾಗಿ ಮನೆ ಸೇರಿದರು. ಆಮೇಲೆ ನಾನು ಕೋಣೆ ಹುಡುಕಲು ಹೋದಾಗಲೂ ಮೊದಲ ಪ್ರಶ್ನೆ "ಕಾಸರಗೋಡಿನವರೇ?" ಎಂದೇ ಇತ್ತು. ರೋಗ ಹೋದರೂ ಹೆಸರು ಹೋಗಲಿಲ್ಲ.

ಕುಂಬಳೆಯ ಕನ್ನಡಿಗ

ಗೆರಟೆಯ ಕಾಲ ಮುಗಿದು ಐವತ್ತು ವರ್ಷವಾಯಿತು. ಈಗ ನಡೆಯುತ್ತಿರುವ ಅನ್ಯಾಯದ ಬಗ್ಗೆ ಮಾತನಾಡೋಣ. ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕು ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅದು ಇನ್ನೂ ಕಡತದಲ್ಲಿದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ, ಆ ಆಸೆ ಕೈಗೂಡದೆಯೇ 2015ರಲ್ಲಿ ತೀರಿಕೊಂಡರು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡವೇ ಬಾರದ ಅಧ್ಯಾಪಕರು ಬರುತ್ತಾರೆ, ನಮ್ಮ ಮಕ್ಕಳು ಗಣಿತವನ್ನು ಸನ್ನೆಯಲ್ಲಿ ಕಲಿಯಬೇಕು. ಪಿಲಿಕುಂಜೆ ಎಂಬ ಜಾಗ ಪುಲಿಕ್ಕುನ್ನು ಆಯಿತು, ಕಾಞಂಗಾಡನ್ನು ಹೊಸದುರ್ಗ ಎಂದರೆ ಇಂದಿನ ಮಕ್ಕಳಿಗೆ ಗುರುತೇ ಸಿಗುವುದಿಲ್ಲ. ಅಸಹಿಷ್ಣುತೆ ಎಂದರೆ ಇದಲ್ಲವೇ? ನಮ್ಮ ಮನೆಯೊಳಗಿನ ಹಳೆಯ ಕೊಳೆಯನ್ನು ನಾವೇ ಬೀದಿಗೆ ತಂದರೆ ನಮ್ಮ ಹೋರಾಟಕ್ಕೆ ಬಲ ಬರುತ್ತದೆಯೇ? ನನಗೆ ನಿಜವಾಗಿಯೂ ಬೇಸರವಾಗಿದೆ.

ಪೆರ್ಲದ ನಿವೃತ್ತ ಅಧ್ಯಾಪಕ

ನಿಮ್ಮ ದೂರಿನಲ್ಲಿ ಒಂದಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವನು ನಾನು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯಗಳನ್ನು ವಿಂಗಡಿಸಿದ 1956ರಲ್ಲಿಯೇ ಅದು ಸೇರಿದ್ದು, ನಮ್ಮಂಥವರಿಗಾಗಿಯೇ. ಅದನ್ನು ಕೇಳುವುದು ಹಕ್ಕು.

ಆದರೆ ನನ್ನ ತರಗತಿಯಲ್ಲಿ ನಾನು ಕಂಡದ್ದು ಬೇರೆಯೂ ಇದೆ. ಅಧ್ಯಾಪಕರ ಕೋಣೆಯಲ್ಲಿ ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾವು ಕನ್ನಡದವರು ಒಂದು ಮೇಜಿನಲ್ಲಿ, ಮಲಯಾಳದವರು ಇನ್ನೊಂದರಲ್ಲಿ. ನಮ್ಮ ಮೇಜಿನಲ್ಲಿಯೂ ಎರಡು ತುದಿ. ಒಬ್ಬ ಸಹೋದ್ಯೋಗಿಯ ಬುತ್ತಿಯಿಂದ ಯಾರೂ ಉಪ್ಪಿನಕಾಯಿ ಕೂಡ ತೆಗೆದುಕೊಳ್ಳುತ್ತಿರಲಿಲ್ಲ, ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಇದು 1956ರದ್ದಲ್ಲ, 1990ರ ನಂತರದ ಮಾತು.

ಕಾಸರಗೋಡಿನ ಮನಃಶಾಸ್ತ್ರ ವಿದ್ಯಾರ್ಥಿನಿ

ಸರ್, ದ್ವೇಷವಿಲ್ಲದೆಯೂ ಭೇದ ಹುಟ್ಟಬಹುದೇ ಎಂಬ ನಿಮ್ಮ ಪ್ರಶ್ನೆಯನ್ನೇ ಹಿಡಿದು ಹೆನ್ರಿ ತಾಜ್‌ಫೆಲ್ ಎಂಬ ವಿದ್ವಾಂಸರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಯೋಗ ಮಾಡಿದರು. ಅವರು ಪೋಲೆಂಡಿನ ಯಹೂದಿ. ಯುದ್ಧಕೈದಿಯಾಗಿ ಜರ್ಮನರ ಶಿಬಿರಗಳಲ್ಲಿದ್ದು ಹಿಂದಿರುಗುವಷ್ಟರಲ್ಲಿ ಅವರ ಮನೆಯವರಲ್ಲಿ ಬಹುತೇಕ ಯಾರೂ ಉಳಿದಿರಲಿಲ್ಲ. ಹಾಗಾಗಿ ಅವರಿಗೆ ಇದು ಬರೀ ಪಾಠದ ವಿಷಯವಾಗಿರಲಿಲ್ಲ.

ಅವರು ಶಾಲೆಯ ಹುಡುಗರನ್ನು ಎರಡು ಗುಂಪು ಮಾಡಿದರು. ಯಾವ ಆಧಾರದ ಮೇಲೆ? ಪರದೆಯ ಮೇಲಿನ ಚುಕ್ಕೆಗಳನ್ನು ನೀನು ಹೆಚ್ಚಾಗಿ ಎಣಿಸಿದೆ, ನೀನು ಕಡಿಮೆ ಎಣಿಸಿದೆ ಎಂಬಂಥ ಅರ್ಥವಿಲ್ಲದ ಕಾರಣ. ಆಮೇಲೆ ಪ್ರತಿಯೊಬ್ಬನೂ ಬೇರೆ ಹುಡುಗರಿಗೆ ಸ್ವಲ್ಪ ಹಣ ಹಂಚಬೇಕು. ಯಾರು ಯಾರೆಂದು ಗೊತ್ತಿಲ್ಲ, ತನಗೇ ಹಣ ಇಟ್ಟುಕೊಳ್ಳುವಂತಿಲ್ಲ, ಗುಂಪು ಯಾವುದೆಂದು ಮಾತ್ರ ಗೊತ್ತು. ಹುಡುಗರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು. ಅದಕ್ಕಿಂತ ಹೆಚ್ಚಿನದು ಮುಂದಿದೆ: ತಮ್ಮವರಿಗೆ ಸಿಗುವ ಮೊತ್ತ ಕಡಿಮೆಯಾದರೂ ಚಿಂತೆಯಿಲ್ಲ, ಆಚೆಯವರಿಗಿಂತ ಅಂತರ ಹೆಚ್ಚಿರಲಿ ಎಂದು ಆರಿಸಿಕೊಂಡವರೂ ಇದ್ದರು.

ಈ ಭಾಗ ಓದಿದ ದಿನ ನನಗೆ ನಮ್ಮ ಕಾಲೇಜಿನ ಚುನಾವಣೆ ನೆನಪಾಯಿತು. ನಮಗೆ ಬಾರದಿದ್ದರೂ ಅವರಿಗೆ ಬಾರದಿರಲಿ ಎಂದು ನಾನೇ ಮತ ಹಾಕಿದ್ದೆ. ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ: ನಮ್ಮವರು ಎಂದು ಗೆರೆ ಎಳೆಯುವ ಅಭ್ಯಾಸದಲ್ಲಿ. ಕಾರಣವನ್ನು ಆಮೇಲೆ ಹುಡುಕುತ್ತೇವೆ.

ಬದಿಯಡ್ಕದ ಓದುಗ

ತಂಗಿ, ನೀವು ಬರೆದದ್ದು ಚೆನ್ನಾಗಿದೆ. ಆದರೆ ಒಂದು ಕಡೆ ನನಗೆ ಒಪ್ಪಿಗೆಯಿಲ್ಲ. ಆ ಹುಡುಗರ ಎರಡು ಗುಂಪುಗಳೂ ಒಂದೇ ಮಟ್ಟದಲ್ಲಿ ಕುಳಿತಿದ್ದವು. ಅಂಗಳದಲ್ಲಿ ಗೆರಟೆ ಹಿಡಿದವನೂ ಜಗಲಿಯಲ್ಲಿ ಚೊಂಬು ಹಿಡಿದವನೂ ಒಂದೇ ಮಟ್ಟದಲ್ಲಿದ್ದರೇ? ನಮ್ಮದು ಅಕ್ಕಪಕ್ಕದ ಗೆರೆಯಲ್ಲ, ಮೇಲು ಕೆಳಗಿನ ಮೆಟ್ಟಿಲು.

ನಾನು ದಲಿತರಾದ ಮೊಗೇರ ಸಮುದಾಯದವನು. ಗೆರಟೆಯ ಕಾಲ ಮುಗಿಯಿತು ಎಂದು ಕುಂಬಳೆಯವರು ಬರೆದಿದ್ದಾರೆ. ಅದು ಹೇಗೆ ಮುಗಿಯಿತು ಎಂದೂ ಬರೆಯಬೇಕಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದ್ದು 1950ರಲ್ಲಿ, ಶಿಕ್ಷೆಯ ಕಾನೂನು ಬಂದದ್ದು 1955ರಲ್ಲಿ. ಮಾಸ್ಟ್ರು ಏಳು ವರ್ಷದವರಾಗಿ ನೀರು ಹೊಯ್ದದ್ದು ಅದಾಗಿ ಎಂಟು ವರ್ಷದ ಮೇಲೆ. ಕಾನೂನು ಜಗಲಿಗೆ ಹತ್ತಿರಲಿಲ್ಲ. ನನ್ನ ತಂದೆ ಹೇಳುತ್ತಿದ್ದಂತೆ ಗೆರಟೆ ಅಲುಗಾಡಿದ್ದು ಕೇರಳದ ಭೂಸುಧಾರಣೆಯ ಹೊತ್ತಿಗೆ, 1970ರಿಂದ ಈಚೆಗೆ. ಗೇಣಿ ಪದ್ಧತಿ ಹೋಯಿತು, ಗುಡಿಸಲು ಇದ್ದ ಹತ್ತು ಸೆಂಟ್ಸಿನಷ್ಟು ನೆಲದ ಮೇಲೆ ಹಕ್ಕು ಬಂತು. ನಾಳೆ ಎಬ್ಬಿಸಿ ಓಡಿಸುತ್ತಾರೆ ಎಂಬ ಹೆದರಿಕೆ ಹೋದ ಮೇಲೆ ತಂದೆ ಗೆರಟೆಯನ್ನು ಮುಟ್ಟಲಿಲ್ಲ. "ಬಾಯಾರಿಕೆಯಿಲ್ಲ" ಎನ್ನುತ್ತಿದ್ದರು. ಹಾಗಾದರೆ ಬೇರು ಮನಸ್ಸಿನಲ್ಲಿ ಮಾತ್ರ ಇತ್ತೇ, ನೆಲದಲ್ಲಿಯೂ ಇತ್ತೇ?

ಕರಾವಳಿಯ ಬುಡಕಟ್ಟಿನವರಾದ ಕೊರಗರ ಅಜಲು ಪದ್ಧತಿಯನ್ನು ನೆನೆದುಕೊಳ್ಳಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿದರೆ ತಮ್ಮ ಮನೆಯ ರೋಗ ಅವರಿಗೆ ದಾಟುತ್ತದೆ ಎಂಬ ನಂಬಿಕೆ. ಅದನ್ನು ನಿಷೇಧಿಸಲು ಕರ್ನಾಟಕಕ್ಕೆ 2000ನೇ ಇಸವಿಯಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ನಮ್ಮ ಕೇಡನ್ನು ಹೊರಲು ಒಬ್ಬ ಬೇಕು, ಅವನು ಬೇಡ ಎನ್ನದ ಸ್ಥಿತಿಯಲ್ಲಿರಬೇಕು. ಮದ್ದುಗುಂಡಿಲ್ಲದೆ, ಬೈಗುಳವಿಲ್ಲದೆ, ಹಬ್ಬದ ದಿನ ನಗುನಗುತ್ತ ನಡೆಯುತ್ತಿದ್ದ ಕ್ರೌರ್ಯ ಅದು.

ಮಧೂರಿನ ದೇವಸ್ಥಾನದ ಸ್ಥಳಪುರಾಣ ಎಲ್ಲರಿಗೂ ಗೊತ್ತು. ಮದರು ಎಂಬ ನಮ್ಮ ಕುಲದ ಹೆಂಗಸಿಗೆ ಲಿಂಗ ಕಾಣಿಸಿತು, ಅವಳಿಂದಲೇ ಊರಿಗೆ ಆ ಹೆಸರು ಬಂತು ಎನ್ನುತ್ತಾರೆ. ದೇವರನ್ನು ಕಂಡವಳ ಮಕ್ಕಳು ಮೊಮ್ಮಕ್ಕಳು ಎಷ್ಟು ತಲೆಮಾರು ಗೋಪುರದ ಹೊರಗೆ ನಿಂತರು ಎಂದು ಪುರಾಣ ಹೇಳುವವರು ಹೇಳುವುದಿಲ್ಲ. ಜಾತಿಯ ಬುಡ ಒಳಮದುವೆಯಲ್ಲಿದೆ ಎಂದು ಅಂಬೇಡ್ಕರ್ 1916ರಲ್ಲಿ, ಇನ್ನೂ ಕೊಲಂಬಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ ಹೇಳಿದ್ದರು. ಇಂದು ನಮ್ಮೂರಿನಲ್ಲಿ ಒಂದೇ ಹೋಟೆಲಿನಲ್ಲಿ ಒಂದೇ ಲೋಟದಲ್ಲಿ ಚಹಾ ಕುಡಿಯುತ್ತೇವೆ, ಸರಿ. ಮದುವೆಯ ಮಾತು ತೆಗೆದು ನೋಡಿ.

ಸ್ವರ್ಗ ಎಂಬ ಊರಿನ ಗೃಹಿಣಿ

ಅಣ್ಣ, ಕೇಡನ್ನು ಹೊರಲು ಒಬ್ಬ ಬೇಕು ಎಂದಿರಲ್ಲ, ಆ ಸಾಲಿನ ಮುಂದೆ ನಾನು ತುಂಬಾ ಹೊತ್ತು ಕುಳಿತೆ.

ನಮ್ಮ ಎಣ್ಮಕಜೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ. ಕೊಡಂಗೇರಿ ತೋಡಿನ ನೀರನ್ನೇ ಕುಡಿದವರು ನಾವು. ಮಕ್ಕಳು ತಲೆ ದೊಡ್ಡದಾಗಿ, ಕೈಕಾಲು ತಿರುಚಿಕೊಂಡು, ಮಾತು ಬಾರದೆ ಹುಟ್ಟತೊಡಗಿದಾಗ ಊರಿನಲ್ಲಿ ಎದ್ದ ಮಾತು ಆ ವಿಷದ್ದಲ್ಲ. ಜಟಾಧಾರಿ ದೈವದ ಕೋಪ ಎಂದರು. ನಾಗನ ಶಾಪ ಎಂದರು. ಆ ಮನೆಯ ಹಿರಿಯರು ಏನೋ ಪಾಪ ಮಾಡಿದ್ದಾರೆ ಎಂದರು. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ, ಹರಕೆ ಹೊತ್ತು, ಇದ್ದ ಅಡಿಕೆ ಮರವನ್ನೂ ಅಡವಿಟ್ಟವರಿದ್ದಾರೆ.

ನನ್ನ ತಮ್ಮ ಹಾಗೆ ಹುಟ್ಟಿದವನು. ಅವನಿಗೆ ನೋವಿತ್ತು, ಅಮ್ಮನಿಗೆ ದುಡಿತವಿತ್ತು, ಅದನ್ನು ತಡೆದುಕೊಂಡೆವು. ತಡೆಯಲಾಗದೆ ಹೋದದ್ದು ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಒಳಕೋಣೆಯಿಂದ ಅವನ ಧ್ವನಿ ಕೇಳಿದ ಕೂಡಲೇ ಕಾಫಿ ಲೋಟವನ್ನು ಕೆಳಗಿಟ್ಟು ಎದ್ದದ್ದು. ಮೂರು ಬಾರಿ ಹೀಗಾಯಿತು. ನಾಲ್ಕನೆಯ ಬಾರಿ ಅಮ್ಮ ಅವನನ್ನು ನೆರೆಮನೆಯಲ್ಲಿ ಬಿಟ್ಟು ಬಂದರು. ಆ ದಿನ ಅಮ್ಮನನ್ನು ನಾನು ಕ್ಷಮಿಸಲಿಲ್ಲ, ಈಗ ಅರ್ಥವಾಗುತ್ತದೆ.

ಜನರಿಗೆ ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಅವರು ನಮ್ಮನ್ನು ಇಟ್ಟರು. ಆಕಾಶದಿಂದ ವಿಷ ಸುರಿಯುತ್ತಿದೆ ಎಂದು ಒಪ್ಪಿದರೆ ಎಲ್ಲರ ಮನೆಗೂ ಭಯ. ಆ ಮನೆಗೆ ಶಾಪ ತಗುಲಿದೆ ಎಂದರೆ ಉಳಿದವರಿಗೆ ನಿದ್ದೆ ಬರುತ್ತದೆ. ವಾಣೀನಗರದ ವೈದ್ಯ ಮೋಹನ ಕುಮಾರ್ ರೋಗಿಗಳ ಲೆಕ್ಕ ಬರೆದಿಟ್ಟು, ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿ, ಅತ್ತ ಪೆರಿಯದಲ್ಲಿ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ಉದ್ಯೋಗಿ ಕೋರ್ಟಿಗೆ ಹೋಗಿ ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿಯೇ ಅದನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಬೇಕೆಂದಿತು. ಕುಂಬಳೆಯವರು ಗಮನಿಸಬೇಕು, ಈ ಹೋರಾಟದಲ್ಲಿ ಕನ್ನಡದವರೂ ಮಲಯಾಳದವರೂ ಒಂದೇ ಚಾಪೆಯಲ್ಲಿ ಕುಳಿತಿದ್ದರು. ಶಾಪದ ಮಾತು ಮೆಲ್ಲಗೆ ಕಡಿಮೆಯಾಯಿತು. ಸಂಬಂಧ ಕೇಳಿಕೊಂಡು ಬರುವವರು ಮಾತ್ರ ಈಗಲೂ "ಯಾವ ಊರು" ಎಂದು ಕೇಳಿ, ಉತ್ತರ ಕೇಳಿದ ಮೇಲೆ ಫೋನ್ ಇಡುತ್ತಾರೆ.

ಉಪ್ಪಳದ ಬ್ಯಾರಿ

ಅಕ್ಕ, ಫೋನ್ ಇಡುವ ಶಬ್ದ ನನಗೂ ಪರಿಚಿತ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಮನೆಮಾತು ಬ್ಯಾರಿ, ಕರಾವಳಿಯ ಮುಸ್ಲಿಮರ ನುಡಿ. ನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ ಕನ್ನಡ ಕೇಳಿ ಖುಷಿಪಡುತ್ತಾರೆ. "ನಿಮ್ಮ ಕನ್ನಡ ಎಷ್ಟು ಚೆಂದ" ಎನ್ನುತ್ತಾರೆ. ಹೆಸರು ಹೇಳಿದ ಮೇಲೆ ಆ ಮನೆ ನಿನ್ನೆಯೇ ಬೇರೆಯವರಿಗೆ ಹೋಗಿರುತ್ತದೆ. ಇದು ನನ್ನೊಬ್ಬನ ಭ್ರಮೆಯಲ್ಲ. ಸುಖದೇವ್ ಥೋರಟ್ ಮತ್ತು ಪೌಲ್ ಅಟ್ಟೆವೆಲ್ ಎಂಬವರು ಪತ್ರಿಕೆಯ ಉದ್ಯೋಗ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು, ಹೆಸರು ಮಾತ್ರ ಬದಲಿಸಿ ಕಳುಹಿಸಿ ನೋಡಿದರು. ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಕಡಿಮೆ ಬಂತು. 2007ರಲ್ಲಿ ಅದು ಪ್ರಕಟವಾಯಿತು.

ನಮ್ಮ ಕಡೆಯ ಸೌಹಾರ್ದದ ಬಗ್ಗೆ ಕೇಳಿದರೆ ಎಲ್ಲರೂ ಉದ್ಯಾವರದ ಉದಾಹರಣೆ ಕೊಡುತ್ತಾರೆ. ಅರಸು ಮಂಜಿಷ್ಣಾರ್ ಕ್ಷೇತ್ರದ ದೈವದ ಪಾತ್ರಿಗಳು ಮಸೀದಿಗೆ ಬಂದು ಜಮಾತಿನವರನ್ನು ಉತ್ಸವಕ್ಕೆ ಆಹ್ವಾನಿಸುತ್ತಾರೆ. ಆರಿಕ್ಕಾಡಿಯಲ್ಲಿ, ಮುಸ್ಲಿಮನೊಬ್ಬ ದೈವವಾದನೆಂದು ನಂಬುವ ಆಲಿ ಭೂತಕ್ಕೆ ಕೋಲವಿದೆ. ಅಜ್ಜನ ಕೈಹಿಡಿದು ಹೋಗಿ ನಿಂತವನು ನಾನು, ನೆನೆದರೆ ಈಗಲೂ ಮೈ ನವಿರೇಳುತ್ತದೆ. ಇವು ದೊಡ್ಡವು, ಉಳಿಯಬೇಕು. ಆದರೆ ವರ್ಷಕ್ಕೊಂದು ದಿನದ ಆಹ್ವಾನ ಉಳಿದ ದಿನಗಳ ಕೆಲಸ ಮಾಡಲಾರದು. ನಾನು ಓದುವಾಗ ಬೆಂಚಿನಲ್ಲಿ ನನ್ನ ಎಡಕ್ಕೆ ಒಬ್ಬ ಭಟ್ಟರ ಹುಡುಗ, ಬಲಕ್ಕೆ ಒಬ್ಬ ಮೊಗವೀರರ ಹುಡುಗ. ಪರೀಕ್ಷೆಯಲ್ಲಿ ಮೂವರೂ ಒಂದೇ ತಪ್ಪು ಬರೆದು ಒಟ್ಟಿಗೆ ಪೆಟ್ಟು ತಿಂದಿದ್ದೇವೆ. ಈಗ ನನ್ನ ಮಗಳ ಶಾಲಾಬಸ್ಸಿನಲ್ಲಿ ಎಲ್ಲರೂ ನಮ್ಮವರೇ, ಎದುರಿನಿಂದ ಬರುವ ಬಸ್ಸಿನಲ್ಲಿ ಎಲ್ಲರೂ ಅವರವರೇ. ಅವಳಿಗೆ ಹತ್ತು ವರ್ಷ. ಆ ಬಸ್ಸಿನ ಒಂದು ಮಗುವಿನ ಹೆಸರೂ ಅವಳಿಗೆ ಗೊತ್ತಿಲ್ಲ. ಹೆಸರೇ ಗೊತ್ತಿಲ್ಲದವರ ಬಗ್ಗೆ ನಾಳೆ ಮೊಬೈಲಿನಲ್ಲಿ ಯಾರು ಏನು ಕಳುಹಿಸಿದರೂ ಅವಳು ನಂಬುತ್ತಾಳೆ. ಎದುರು ಹೇಳಲು ಅವಳ ಬಳಿ ಒಂದು ನೆನಪೂ ಇರುವುದಿಲ್ಲ.

ನಮ್ಮೊಳಗಿನದನ್ನೂ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಕ್ಷೌರದ ಕಸುಬಿನ ಕುಟುಂಬಗಳಿಗೆ ಹೆಣ್ಣು ಕೊಡಲು ನಮ್ಮಲ್ಲಿ ಹಿಂದೆ ಮುಂದೆ ನೋಡುತ್ತಿದ್ದರು, ಈಗಲೂ ನೋಡುವವರಿದ್ದಾರೆ. ಮಸೀದಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರೇ.

ಕಾಸರಗೋಡಿನ ಮನಃಶಾಸ್ತ್ರ ವಿದ್ಯಾರ್ಥಿನಿ

ಬದಿಯಡ್ಕದ ಅಣ್ಣ ಹೇಳಿದ್ದು ಸರಿ, ನಾನು ಮೆಟ್ಟಿಲನ್ನು ಮರೆತಿದ್ದೆ. ಉಪ್ಪಳದವರ ಬೆಂಚಿನ ಬಗ್ಗೆ ಒಂದು ಮಾತು: ಮನಃಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಹೇಳಿದ್ದರು, ಬೆರೆತರೆ ಸಾಲದು, ಸಮಾನರಾಗಿ ಬೆರೆಯಬೇಕು, ಒಂದೇ ಗುರಿಗಾಗಿ ಒಟ್ಟಿಗೆ ದುಡಿಯಬೇಕು, ಮೇಲಿನವರ ಬೆಂಬಲವೂ ಬೇಕು. ಮಾಸ್ಟ್ರ ಅಂಗಳಕ್ಕೆ ಕೆಲಸದವರು ದಿನವೂ ಬರುತ್ತಿದ್ದರು. ದಿನವೂ ಮುಖ ನೋಡಿದರೂ ಗೆರಟೆ ಗೆರಟೆಯಾಗಿಯೇ ಉಳಿದದ್ದು ಅದಕ್ಕೇ ಇರಬೇಕು.

ಕುಂಬಳೆಯ ಕನ್ನಡಿಗ

ಎರಡು ದಿನ ಬರೆಯಲಿಲ್ಲ. ಮೊದಲು ಬರೆದದ್ದನ್ನು ಹಿಂದೆಗೆಯುವುದಿಲ್ಲ, ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬರುವವರೆಗೆ ಕೇಳುತ್ತಲೇ ಇರುತ್ತೇನೆ.

ಆದರೆ ನನ್ನ ಮಗನ ಶಾಲೆಯಲ್ಲಿ ನಡೆದದ್ದನ್ನು ಹೇಳದೆ ಇರಲಾರೆ. ಕನ್ನಡ ಬಾರದ ಒಬ್ಬ ಅಧ್ಯಾಪಿಕೆ ಬಂದಿದ್ದರು. ದೂರದ ತೆಂಕಣ ಜಿಲ್ಲೆಯವರು, ಮೊದಲ ಕೆಲಸ, ಇಪ್ಪತ್ತೈದು ವರ್ಷವಿರಬಹುದು. ನಾವು ಹೆತ್ತವರು ಪ್ರತಿಭಟನೆ ಮಾಡಿದೆವು, ಅದು ನ್ಯಾಯವೇ. ಆಗ ಮಗ ಮತ್ತು ಅವನ ಗೆಳೆಯರು ಆಕೆ ಕನ್ನಡ ಅಕ್ಷರ ಬರೆಯಲು ಯತ್ನಿಸಿದಾಗಲೆಲ್ಲ ಮೇಜು ಬಡಿದು ನಗುತ್ತಿದ್ದರಂತೆ. ಮನೆಗೆ ಬಂದು ಅವನು ಆಕೆಯ ಉಚ್ಚಾರವನ್ನು ಅನುಕರಿಸಿ ತೋರಿಸಿದ. ನಾನೂ ನಕ್ಕೆ. ಮರುವಾರ ಬಸ್ ನಿಲ್ದಾಣದಲ್ಲಿ ಆಕೆಯನ್ನು ಕಂಡೆ. ಕೈಯಲ್ಲಿ ಒಂದನೆಯ ತರಗತಿಯ ಕನ್ನಡ ಪುಸ್ತಕವಿತ್ತು, ಬೆರಳಿಟ್ಟು ಓದುತ್ತಿದ್ದರು. ನೇಮಕ ಮಾಡಿದವರು ಎಲ್ಲಿಯೋ ಕುಳಿತಿದ್ದರು. ಕೈಗೆ ಸಿಕ್ಕಿದ್ದು ಆಕೆ. ಮಾತನಾಡಿಸಬೇಕೆಂದುಕೊಂಡೆ, ನಾಲಗೆ ಏಳಲಿಲ್ಲ.

ಪೆರ್ಲದ ನಿವೃತ್ತ ಅಧ್ಯಾಪಕ

ಇದನ್ನು ಬರೆದದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಬದಿಯಡ್ಕದವರಲ್ಲಿ ಒಂದು ಕೇಳಬೇಕಿತ್ತು. ಕೇಳುವ ಅಧಿಕಾರ ನನಗಿಲ್ಲ ಎಂದಾದರೆ ಬಿಟ್ಟುಬಿಡಿ. ನಿಮ್ಮ ತಂದೆ ಗೆರಟೆಯ ಬಗ್ಗೆ ಬೇರೇನಾದರೂ ಹೇಳಿದ್ದುಂಟೇ?

ಬದಿಯಡ್ಕದ ಓದುಗ

ಒಂದೇ ಸಲ, ಕಾಯಿಲೆ ಮಲಗಿದ್ದಾಗ. ಗೆರಟೆಯ ಬಗ್ಗೆ ಅವರಿಗೆ ಅಷ್ಟು ಬೇಸರವಿರಲಿಲ್ಲ, ಗೆರಟೆ ಕಾಡಿನಲ್ಲಿಯೂ ಗದ್ದೆಯಲ್ಲಿಯೂ ಎಲ್ಲರಿಗೂ ಬೇಕಾದದ್ದು. ಹೊಯ್ಯುವ ಎತ್ತರದ ಬಗ್ಗೆ ಹೇಳಿದರು. ದೊಡ್ಡವರು ಹೊಯ್ದರೆ ನೀರು ಗೆರಟೆಗೆ ಸರಿಯಾಗಿ ಬೀಳುತ್ತಿತ್ತು. ಮಕ್ಕಳಿಗೆ ಕೈ ನಿಲ್ಲುತ್ತಿರಲಿಲ್ಲ. ಮುಖಕ್ಕೆ, ಎದೆಗೆ, ಉಟ್ಟ ಬಟ್ಟೆಗೆ ಬೀಳುತ್ತಿತ್ತು. ಒರಸಿಕೊಳ್ಳಬಾರದು, ಮಗು ಹೆದರುತ್ತದೆ ಎಂದು ಹಾಗೆಯೇ ಕುಳಿತಿರುತ್ತಿದ್ದೆ ಎಂದರು.

ಪೆರ್ಲದ ನಿವೃತ್ತ ಅಧ್ಯಾಪಕ

ನನ್ನ ಕೈಯೂ ನಿಲ್ಲುತ್ತಿರಲಿಲ್ಲ. ನಮ್ಮಲ್ಲಿಗೆ ಬರುತ್ತಿದ್ದವರಿಗೆ ಆಗ ಐವತ್ತು ವರ್ಷ ದಾಟಿರಬೇಕು. ನಾನು ಅವರನ್ನು ಹೆಸರು ಹಿಡಿದು ನೀನು ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ಧಣಿಗಳೇ ಎನ್ನುತ್ತಿದ್ದರು. ನೀರು ಚೆಲ್ಲಿದಾಗ ಅವರು ಒಮ್ಮೆಯೂ ಒರಸಿಕೊಂಡ ನೆನಪು ನನಗಿಲ್ಲ. ಯಾಕೆಂದು ಇವತ್ತು ತಿಳಿಯಿತು. ಅವರ ಮೊಮ್ಮಗಳು ಇಲ್ಲಿಯೇ ಕಾಟುಕುಕ್ಕೆಯ ಕಡೆ ಇದ್ದಾಳೆ, ಅಂಗನವಾಡಿಯಲ್ಲಿ ಕೆಲಸ ಎಂದು ಕೇಳಿದ್ದೇನೆ. ನಾಳೆ ಬೆಳಿಗ್ಗೆ ಹೋಗಿ ಬರುತ್ತೇನೆ.